ಏಳು ನಲವತ್ತೆರಡರ ಸಂದೇಶ

ಬೆಳಗ್ಗೆ ಏಳು ಗಂಟೆ ನಲವತ್ತೆರಡು ನಿಮಿಷ. ಇದು ನನ್ನ ನೆನಪಿನಲ್ಲಿ ಉಳಿದ ಹೊತ್ತಲ್ಲ, ಫೋನಿನಲ್ಲಿ ಉಳಿದದ್ದು. ಆ ಸಂದೇಶವನ್ನು ಇವತ್ತಿಗೂ ಅಳಿಸಿಲ್ಲ. ‘ಒಂಟಿ ಸಲಗ ಮೇಲಿನ ಲೈನಿನ ಹಿಂದಿನ ತೋಟದಲ್ಲಿದೆ. ಯಾರೂ ಒಳದಾರಿಯಲ್ಲಿ ಓಡಾಡಬೇಡಿ. ಎಚ್ಚರ.’ ಕೊನೆಯಲ್ಲಿ ಕೈಮುಗಿದ ಮೂರು ಚಿತ್ರ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸಮಯ.

ಅದನ್ನು ಓದಿ ನಾನು ನಕ್ಕಿದ್ದೆ. ಎಸ್ಟೇಟಿನ ಗೇಟಿನ ಮುಂದೆ, ಜೀಪಿನ ಪಕ್ಕ ನಿಂತು, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ನಕ್ಕಿದ್ದೆ.

ಅವತ್ತು ಗ್ರಾಮ ಪಂಚಾಯಿತಿ ಚುನಾವಣೆಯ ಮತದಾನ. ನಮ್ಮ ಕ್ಷೇತ್ರದಿಂದ ಎಸ್ಟೇಟಿನ ಕೂಲಿ ಹೆಂಗಸೊಬ್ಬರು ನಿಂತಿದ್ದರು. ಅವರ ನಾಮಪತ್ರ ತುಂಬಿದವಳು ನಾನು, ಸೂಚಕಿ ಎಂದು ಅದಕ್ಕೆ ಸಹಿ ಹಾಕಿದವಳೂ ನಾನು. ಆದ್ದರಿಂದ ಮುಂದೆ ನಡೆದದ್ದನ್ನು ಬರೆಯುವ ಕೆಲಸವೂ ನನ್ನ ಪಾಲಿಗೆ ಬಂತು ಎಂದುಕೊಂಡಿದ್ದೇನೆ.

ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ರಸ್ತೆಯಲ್ಲಿ, ಬಸ್ಸು ಎರಡು ನಿಮಿಷ ನಿಲ್ಲುವ ಒಂದು ಪೇಟೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ. ಬಿ.ಕಾಂ. ಮುಗಿಸಿದ ಮೇಲೆ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಎರಡು ವರ್ಷ ಕೂತು ಎದ್ದು ಬಂದವಳು. ಪಹಣಿ ಪ್ರಿಂಟು, ಆಧಾರ್ ತಿದ್ದುಪಡಿ, ವಿಧವಾ ಪಿಂಚಣಿಯ ಅರ್ಜಿ, ಮಕ್ಕಳ ಜಾತಿ ಪ್ರಮಾಣಪತ್ರ, ಇವೇ ನನ್ನ ವ್ಯಾಪಾರ. ಆ ಹೆಂಗಸು ಮೊದಲು ನನ್ನ ಅಂಗಡಿಗೆ ಬಂದದ್ದು ಗಂಡ ಸತ್ತ ಹದಿನೈದನೇ ದಿನ. ಪಿಂಚಣಿಗೆ ಎಂದುಕೊಂಡು ಆ ಫಾರ್ಮು ತೆಗೆದೆ. ಅವರು ತಲೆ ಅಲ್ಲಾಡಿಸಿದರು.

“ಅದಲ್ಲ ಅಕ್ಕ. ಹೂಳಾಕೆ ಜಾಗ ಬೇಕು ಅಂತ ಬರೀರಿ.”

ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅಕ್ಕ ಅನ್ನಬೇಡಿ ಎಂದು ಎಷ್ಟೋ ಸಲ ಹೇಳಿದೆ. ಕೊನೆಯವರೆಗೂ ಬಿಡಲಿಲ್ಲ.

ಕೂಲಿಯವರಿಗೆಂದು ಎಸ್ಟೇಟಿನವರು ಒಂದೇ ಸಾಲಿಗೆ ಕಟ್ಟಿಸುವ ಮನೆಗಳಿಗೆ ನಮ್ಮಲ್ಲಿ ಲೈನ್ ಎನ್ನುತ್ತಾರೆ. ಮೇಲಿನ ಲೈನಿನಲ್ಲಿ ಹನ್ನೊಂದು ಮನೆ. ಮೂರು ತಲೆಮಾರಿನಿಂದ ಅಲ್ಲಿದ್ದವರಿಗೂ ಅಲ್ಲಿ ಒಂದು ಅಡಿ ನೆಲ ಅವರದಲ್ಲ. ಹಳೆಯ ಸಾವ್ಕಾರರ ಕಾಲದಲ್ಲಿ ತೋಟದ ಒಂದು ಮೂಲೆಯಲ್ಲಿ ಹೆಣ ಹೂಳಲು ಬಿಡುತ್ತಿದ್ದರು. ಎಸ್ಟೇಟು ಕೈ ಬದಲಾಯಿತು. ಹೊಸಬರು ಆ ಮೂಲೆಗೆ ಗಿಡ ಹಾಕಿಸಿದರು. ಈ ಹೆಂಗಸಿನ ಗಂಡ ಸತ್ತಾಗ ಶವ ಬೆಳಗ್ಗೆಯಿಂದ ಸಂಜೆವರೆಗೆ ಪಿಕಪ್ ವ್ಯಾನಿನಲ್ಲೇ ಇತ್ತು. ಗೇಟಿನವರು ಬೇಡವೆಂದರು, ಪಕ್ಕದ ಊರಿನವರು ನಮ್ಮ ಸ್ಮಶಾನ ನಮಗೇ ಸಾಲದು ಎಂದರು. ಸಂಜೆ ಯಾರೋ ಮನಸ್ಸು ಕರಗಿ ಹಳ್ಳದ ಆಚೆ ಒಂದು ಕಡೆ ತೋರಿಸಿದರು. ಮುಂದಿನ ಮಳೆಗಾಲದಲ್ಲಿ ಹಳ್ಳ ಆ ದಂಡೆಯನ್ನೇ ಕೊಚ್ಚಿಕೊಂಡು ಹೋಯಿತು.

ನಾನು ಬರೆದುಕೊಟ್ಟ ಅರ್ಜಿಗಳು ಒಟ್ಟು ಮೂರು. ‘ಪರಿಶೀಲಿಸಲಾಗುವುದು’ ಎಂದು ಒಂದಕ್ಕೆ ಉತ್ತರ ಬಂತು. ನಾಲ್ಕನೆಯ ಸಲ ಬಂದಾಗ ಕೌಂಟರಿಗೆ ಮೊಣಕೈ ಊರಿ ಕೇಳಿದರು:

“ಈ ಅರ್ಜಿ ಕೊನೇಲಿ ಓದೋರು ಯಾರು ಅಕ್ಕ?”

“ಪಂಚಾಯ್ತಿ ಮೆಂಬರ್‌ಗಳು. ಮೀಟಿಂಗಲ್ಲಿ ಇಟ್ಟು ಓದ್ಬೇಕು.”

“ನಾನೇ ಮೆಂಬರ್ ಆದ್ರೆ?”

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರ ಮುಖ ನೋಡಿದ ಮೇಲೆ ಹಾಗನ್ನಿಸಲಿಲ್ಲ.

ನಮ್ಮ ಕ್ಷೇತ್ರದಲ್ಲಿ ಪಂಚಾಯಿತಿಗೆ ಓಟು ನಡೆದದ್ದನ್ನು ನಾನು ನೋಡಿಯೇ ಇರಲಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ನಾಲ್ಕೈದು ದೊಡ್ಡ ಮನೆಯವರು ಬಂಗಲೆಯ ಜಗಲಿಯಲ್ಲಿ ಸೇರುತ್ತಿದ್ದರು. ಕಾಫಿ ಕುಡಿಯುತ್ತ ಒಂದು ಹೆಸರು ಹೇಳುತ್ತಿದ್ದರು. ಆ ಒಂದೇ ನಾಮಪತ್ರ ಹೋಗುತ್ತಿತ್ತು, ಅವಿರೋಧ ಆಯ್ಕೆಯಾಗುತ್ತಿತ್ತು, ಪೇಟೆಗೆಲ್ಲ ಮೈಸೂರುಪಾಕು ಹಂಚುತ್ತಿದ್ದರು. ಜಗಳವಿಲ್ಲದ ಊರು ಎಂದು ನಾವೂ ಹೆಮ್ಮೆಪಡುತ್ತಿದ್ದೆವು. ಈ ಸಲ ಕ್ಷೇತ್ರ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾಗಿತ್ತು. ಜಗಲಿಯವರು ಅದೇ ಎಸ್ಟೇಟಿನ ಮೇಸ್ತ್ರಿಯ ಹೆಂಡತಿಯ ಹೆಸರು ಹೇಳಿ ಮುಗಿಸಿದ್ದರು. ನಿಲ್ಲುತ್ತೀಯಾ ಎಂದು ಆಕೆಯನ್ನು ಅವರು ಕೇಳಿಯೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ನಾನು ಸೂಚಕಿಯಾಗಿ ಸಹಿ ಹಾಕಿದ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ನಮ್ಮದು ಎರಡೆಕರೆ ಕಾಫಿ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಿಸಲು ಆ ದೊಡ್ಡ ಎಸ್ಟೇಟಿಗೇ ಹೋಗಬೇಕು.

“ಒಂದು ಮಾತು ಕೇಳ್ಬಾರ್ದಿತ್ತಾ?” ಎಂದರು ಅಪ್ಪ. ಸಿಟ್ಟಿನಿಂದಲ್ಲ, ಸುಸ್ತಾದವರ ಹಾಗೆ.

“ಕೇಳಿದ್ರೆ ಬೇಡ ಅಂತಿದ್ರಿ.”

“ಬೇಡ ಅನ್ನೋಕೇ ಕೇಳ್ಬೇಕಿತ್ತು ಅಂದೆ.”

ನಾಮಪತ್ರ ವಾಪಸು ತೆಗೆದುಕೊಳ್ಳುವ ಕೊನೆಯ ದಿನ ಎಸ್ಟೇಟಿನ ಮ್ಯಾನೇಜರು ಲೈನಿಗೆ ಬಂದರು. ನಾನೂ ಅಲ್ಲಿದ್ದೆ. ಒಳ್ಳೆಯ ಮಾತಿನಲ್ಲೇ ಕೇಳಿದರು. “ನಿಂಗೆ ನಾವು ಏನು ಕಮ್ಮಿ ಮಾಡಿದೀವಿ, ಹೇಳಮ್ಮ.”

“ಬದುಕಿರೋವಾಗ ಏನೂ ಕಮ್ಮಿ ಮಾಡಿಲ್ಲ ಸಾರ್,” ಎಂದರು ಇವರು.

ಮಾರನೆಯ ದಿನದಿಂದ ಅವರಿಗೆ ಕೆಲಸ ಇರಲಿಲ್ಲ. ಹಣ್ಣು ಕುಯ್ಲಿನ ಕಾಲ. ಆಳು ಸಿಗುವುದಿಲ್ಲ ಎಂದು ಎಲ್ಲ ಎಸ್ಟೇಟಿನವರೂ ಬಾಯಿ ಬಡಿದುಕೊಳ್ಳುತ್ತಿದ್ದ ಡಿಸೆಂಬರಿನಲ್ಲಿ ಅವರೊಬ್ಬರು ಲೈನಿನ ಬಾಗಿಲಲ್ಲಿ ಕೂತಿರುತ್ತಿದ್ದರು.

ಅವರ ಜೊತೆ ಗಟ್ಟಿಯಾಗಿ ನಿಂತವರು ಅವರ ಅಣ್ಣ. ಮರಗಸಿ ಕೆಲಸದವರು. ಮಳೆಗೆ ಮುಂಚೆ ಕಾಫಿ ಗಿಡದ ಮೇಲಿನ ನೆರಳು ಕಡಿಮೆ ಮಾಡಲು ಎತ್ತರದ ಮರ ಹತ್ತಿ ಕೊಂಬೆ ಕಡಿಯುವುದಕ್ಕೆ ಮರಗಸಿ ಎನ್ನುತ್ತಾರೆ. ನಲವತ್ತು ಅಡಿ ಮೇಲೆ ನಿಂತು ಕೆಳಗಿನವರಿಗೆ ಬೈಯುತ್ತ, ಹಾಡುತ್ತ ಕೆಲಸ ಮಾಡುವ ಮನುಷ್ಯ. ಸೊಂಟದ ಕೊಕ್ಕೆಯಲ್ಲಿ ಕತ್ತಿ ಇಲ್ಲದೆ ಅವರನ್ನು ನಾನು ನೋಡಿಲ್ಲ. ತಂಗಿಗೆ ಐಸ್ ಕ್ರೀಮ್ ಗುರುತು ಸಿಕ್ಕಿದೆ ಎಂದು ನಾನು ಚೀಟಿ ತೋರಿಸಿದಾಗ ಹಣೆ ಹಣೆ ಚಚ್ಚಿಕೊಂಡರು.

“ಈ ಚಳೀಲಿ ಐಸ್ ಕ್ರೀಮ್‌ಗೆ ಯಾರು ಒತ್ತುತಾರೆ ಮಾರಾಯ್ತಿ! ಅವರಿಗೆ ಎಂತ ಸಿಕ್ಕಿದ್ದು?”

“ಆಟೋ.”

“ನೋಡು. ಅವರು ಆಟೋದಲ್ಲಿ ಹೋಗ್ತಾರೆ, ನಾವು ಶೀತ ಆಗಿ ಮಲಗ್ತೀವಿ.”

ಆದರೂ ಪ್ರತಿ ಮನೆಯ ಬಾಗಿಲಿಗೂ ಆ ಚಿತ್ರ ಅಂಟಿಸಿದವರು ಅವರೇ. ‘ಬೇಸಿಗೆಗೆ ತಿನ್ನೋದು, ಈಗ ಒತ್ತೋದು’ ಎಂದು ಹೇಳಿಕೊಂಡು ಹೋಗುತ್ತಿದ್ದರು. ನಗುವವರ ಹತ್ತಿರ ಎರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದರು.

ಈಗ ಆನೆಯ ವಿಷಯ. ನಮ್ಮ ಭಾಗದಲ್ಲಿ ಆನೆ ತೋಟಕ್ಕೆ ಬರುವುದು ಸುದ್ದಿಯಲ್ಲ. ಬೆಳಗ್ಗೆ ಹಲ್ಲುಜ್ಜುವ ಮೊದಲು ಫೋನು ನೋಡಿ, ಯಾವ ಕಡೆ ಆನೆ ಇದೆ ಎಂದು ತಿಳಿದುಕೊಂಡು ಹೊರಗೆ ಕಾಲಿಡುತ್ತೇವೆ. ಅರಣ್ಯದವರು ವಾಚರುಗಳ ಮೂಲಕ ಆನೆಯ ಜಾಡು ಹಿಡಿದು ತಮ್ಮದೇ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಹಾಕುತ್ತಾರೆ. ಮಕ್ಕಳ ಶಾಲೆ, ಆಳುಗಳ ಕೆಲಸ, ಮದುವೆ ಮನೆಯ ಊಟದ ಹೊತ್ತು ಎಲ್ಲ ಆ ಸಂದೇಶದ ಮೇಲೆ ನಿಂತಿರುತ್ತದೆ. ಅದನ್ನು ನಂಬದೆ ಇಲ್ಲಿ ಬದುಕಲಾಗುವುದಿಲ್ಲ.

ಮತದಾನಕ್ಕೆ ಮೂರು ದಿನ ಮೊದಲು ನಾವು ಲೈನಿನ ಅಂಗಳದಲ್ಲಿ ಒಂದು ಸಣ್ಣ ಸಭೆ ಇಟ್ಟುಕೊಂಡಿದ್ದೆವು. ಕೆಳಗಿನ ಎರಡು ಲೈನಿನವರೂ ಬರುತ್ತೇವೆಂದಿದ್ದರು. ಮಧ್ಯಾಹ್ನ ಮೂರಕ್ಕೆ ಊರಿನ ಗುಂಪಿನಲ್ಲಿ ಒಂದು ಸಂದೇಶ: ಮೇಲಿನ ಲೈನಿನ ಹತ್ತಿರ ಮರಿಯ ಜೊತೆ ಮೂರು ಆನೆ. ಒಬ್ಬರೂ ಬರಲಿಲ್ಲ. ನಾವು ಹಾಸಿದ ಟಾರ್ಪಲಿನ ಮೇಲೆ ನಾಯಿಗಳು ಮಲಗಿದವು. ಸಂಜೆ ಅರಣ್ಯದ ವಾಚರು, ಅವರೂ ನಮ್ಮ ಸೀಮೆಯವರೇ, ಬರೆದರು: ‘ಇವತ್ತು ಈ ಭಾಗದಲ್ಲಿ ಆನೆ ಇರಲಿಲ್ಲ. ಯಾರೋ ಸುಳ್ಳು ಹಾಕಿದ್ದಾರೆ. ದಯವಿಟ್ಟು ಹೀಗೆ ಮಾಡಬೇಡಿ.’

ಯಾರು ಹಾಕಿದರೆಂದು ಗೊತ್ತಾಗಲಿಲ್ಲ. ಯಾರಿಗೆ ಲಾಭವೆಂದು ಎಲ್ಲರಿಗೂ ಗೊತ್ತಿತ್ತು.

ಮತದಾನದ ದಿನ ಲೈನಿನವರನ್ನು ಕರೆತರಲು ನನ್ನ ಅಂಗಡಿಯ ಪಕ್ಕದ ಮೆಕ್ಯಾನಿಕ್ ಕಾಕ ತಮ್ಮ ಜೀಪು ತಂದಿದ್ದರು. ಮತಗಟ್ಟೆ ಸರ್ಕಾರಿ ಶಾಲೆಯಲ್ಲಿ. ಗೇಟಿನ ಮೂಲಕ ರಸ್ತೆಯಲ್ಲಿ ಬಂದರೆ ನಾಲ್ಕು ಕಿಲೋಮೀಟರು, ತೋಟದ ಒಳದಾರಿಯಲ್ಲಿ ನಡೆದರೆ ಒಂದೂವರೆ. ಅಭ್ಯರ್ಥಿ ಏಳು ಗಂಟೆಗೇ ಶಾಲೆಯ ಹತ್ತಿರ ಹೋಗಿ ನಿಂತಿದ್ದರು. ನಾವು ಗೇಟು ಮುಟ್ಟಿದಾಗ ಬೀಗ ಹಾಕಿತ್ತು.

“ಆನೆ ಐತಂತೆ ಅಕ್ಕ. ಮೆಸೇಜ್ ಬಂದೈತೆ. ಗೇಟ್ ತೆಗೀಬೇಡ ಅಂದವ್ರೆ ಮ್ಯಾನೇಜರ್ ಸಾರು,” ಎಂದ ಕಾವಲಿನವನು.

ಅಲ್ಲಿ ಸಿಗ್ನಲ್ ಸಿಕ್ಕಿ ಆಗಲೇ ನನ್ನ ಫೋನೂ ಸದ್ದು ಮಾಡಿದ್ದು. ನಾನು ಓದಿ ನಕ್ಕದ್ದು.

“ಎಷ್ಟು ಚೆನ್ನಾಗಿ ಆನೆ ಬರುತ್ತೆ ನೋಡಿ, ಓಟಿನ ದಿನಕ್ಕೆ ಸರಿಯಾಗಿ,” ಎಂದೆ.

ಕಾಕ ಬೀಡಿ ಆರಿಸಿ ಹೇಳಿದರು: “ಎಂತದಕ್ಕೂ ಆ ವಾಚರಿಗೆ ಒಂದು ಫೋನ್ ಮಾಡಿ ಕೇಳು ಮಾರಾಯ್ತಿ.”

“ಕೇಳಿ ಎಂತ ಮಾಡೋದು ಕಾಕ? ಇಲ್ಲಿ ಎಲ್ಲರೂ ಅವರ ಕಡೆಯವರೇ.”

ಮೂರು ದಿನದ ಹಿಂದೆ ನಮ್ಮ ಪರವಾಗಿ ನಿಜ ಹೇಳಿದ ಮನುಷ್ಯನ ಬಗ್ಗೆ ನಾನು ಹೀಗೆ ಅಂದೆ. ಸಂದೇಶ ಯಾವ ಗುಂಪಿಗೆ ಬಂತು, ಕಳಿಸಿದವರು ಯಾರು ಎಂದು ನೋಡಲಿಲ್ಲ. ಹೆಬ್ಬೆರಳನ್ನು ಒಂದು ಸಲ ಆಡಿಸಿದ್ದರೆ ಸಾಕಿತ್ತು. ಈಗಲೂ ನನ್ನ ಬಲಗೈ ಹೆಬ್ಬೆರಳು ತಾನೇ ಅಲುಗುತ್ತದೆ, ಏನನ್ನೋ ಮೇಲಕ್ಕೆ ಸರಿಸುವ ಹಾಗೆ. ಗಿರಾಕಿಗಳ ಮುಂದೆ ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳುತ್ತೇನೆ.

ಗೇಟಿನ ಪಕ್ಕದ ಸಂದಿಯಲ್ಲಿ ತೂರಿ ನಾನೊಬ್ಬಳೇ ಲೈನಿಗೆ ಹೋದೆ. ಇಪ್ಪತ್ತೆರಡು ಜನ ಓಟಿಗೆಂದು ತೊಳೆದ ಬಟ್ಟೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಅವರಿಗೂ ಸಂದೇಶ ಮುಟ್ಟಿತ್ತು. ಎಲ್ಲರೂ ನನ್ನ ಮುಖ ನೋಡಿದರು.

“ಹೋದ ಸಲದ್ದೇ ಆಟ ಇದು,” ಎಂದೆ. “ಈಗ ಮನೇಲಿ ಕೂತ್ರೆ ಇನ್ನು ಐದು ವರ್ಷ ಕೂತ್ಕೋಬೇಕು. ಗೇಟ್ ಬೇಡ, ಒಳದಾರೀಲಿ ನಡೀರಿ.”

ಅಭ್ಯರ್ಥಿಯ ಅಣ್ಣ ಸೊಂಟದ ಕತ್ತಿ ಸರಿಮಾಡಿಕೊಂಡರು. “ಅಕ್ಕ ಓದಿರೋರು. ನೋಡೇ ಹೇಳಿರ್ತಾರೆ,” ಎಂದು ಉಳಿದವರಿಗೆ ಹೇಳಿ ಮುಂದೆ ನಡೆದರು.

ಮಂಜು ಇನ್ನೂ ಎದ್ದಿರಲಿಲ್ಲ. ರೊಬಸ್ಟಾ ಗಿಡಗಳು ಆಳೆತ್ತರ, ಹಣ್ಣು ತುಂಬಿ ದಾರಿಗೆ ಬಾಗಿದ್ದವು. ಹೆಂಗಸರು ಮಾತಾಡುತ್ತಿದ್ದರು, ಬೆರಳಿಗೆ ಹಚ್ಚುವ ಶಾಯಿ ಎಷ್ಟು ದಿನ ಇರುತ್ತದೆ ಎಂದು. ಅರ್ಧ ದಾರಿಯಲ್ಲಿ ಅಣ್ಣ ನಿಂತರು. ದಾರಿಯ ನಡುವೆ ಲದ್ದಿ ಬಿದ್ದಿತ್ತು. ಬಗ್ಗಿ ಬೆರಳಿನಿಂದ ಮುಟ್ಟಿದರು.

“ಇದು ರಾತ್ರಿದಲ್ಲ ಅಕ್ಕ. ಬಿಸಿ ಐತೆ.”

ಇಲ್ಲಿ ನಾನು ವಾಚು ನೋಡಿದೆ. ಎಂಟು ಗಂಟೆ ಹತ್ತು ನಿಮಿಷ. ಇವರನ್ನು ಬಿಟ್ಟು ಕೆಳಗಿನ ಲೈನಿಗೆ ಹೋಗಬೇಕು ಎಂದು ಯೋಚಿಸುತ್ತಿದ್ದೆ. “ದಾಟಿ ಹೋಗಿರುತ್ತೆ. ಬೇಗ ಬೇಗ ನಡೀರಿ,” ಎಂದೆ.

ಅವರು ನನ್ನನ್ನು ನೋಡಿದ ನೋಟದಲ್ಲಿ ಅನುಮಾನವಿತ್ತೋ ಇಲ್ಲವೋ ನನಗೆ ನೆನಪಾಗುವುದಿಲ್ಲ. ಒಮ್ಮೆ ಇತ್ತು ಅನ್ನಿಸುತ್ತದೆ, ಇನ್ನೊಮ್ಮೆ ಇರಲಿಲ್ಲ ಅನ್ನಿಸುತ್ತದೆ. ಇದ್ದಿದ್ದರೆ ಹೆಚ್ಚು ನೋವೋ ಇಲ್ಲದಿದ್ದರೆ ಹೆಚ್ಚೋ ಎಂಬುದೂ ತಿಳಿಯುವುದಿಲ್ಲ.

ಇಪ್ಪತ್ತು ಹೆಜ್ಜೆ ಹೋಗಿರಬಹುದು. ಎಡಗಡೆ ಗಿಡಗಳು ಗಾಳಿಯಿಲ್ಲದೆ ಅಲುಗಿದವು. ಮೊದಲು ಕಂಡದ್ದು ಒಂದು ದಂತ, ಮಣ್ಣು ಮೆತ್ತಿದ್ದು. ಅಷ್ಟು ದೊಡ್ಡ ಪ್ರಾಣಿ ಅಷ್ಟು ಹತ್ತಿರ ಸದ್ದಿಲ್ಲದೆ ಹೇಗೆ ನಿಂತಿತ್ತು ಎಂದು ಈಗಲೂ ಯೋಚಿಸುತ್ತೇನೆ.

“ಓಡಿ! ಕೆಳಗಡೆ!” ಎಂದು ಅಣ್ಣ ಕೂಗಿದರು.

ನಾವು ಇಳಿಜಾರಿನ ಕಡೆ ಓಡಿದೆವು. ಅವರು ಮೇಲುಗಡೆ ಓಡಿದರು. ಓಡುತ್ತ ಕತ್ತಿಯ ಹಿಂಬದಿಯಿಂದ ಸಿಲ್ವರ್ ಓಕ್ ಮರಗಳಿಗೆ ಹೊಡೆಯುತ್ತಿದ್ದರು. ಟಣ್, ಟಣ್ ಎಂದು. ‘ಹೋಯ್, ಇಲ್ಲಿ, ಇಲ್ಲಿ’ ಎಂದು ಮರದ ಮೇಲಿಂದ ಕೂಗುವ ಅದೇ ದನಿ. ನಾನು ಗಿಡಗಳ ನಡುವೆ ನೀರು ಇಂಗಲು ತೋಡಿದ್ದ ತೊಟ್ಟಿಲು ಗುಂಡಿಗೆ ಬಿದ್ದೆ. ಎದ್ದೇಳಲಿಲ್ಲ. ಮುಖ ಮಣ್ಣಿಗೆ ಒತ್ತಿ ಮಲಗಿದೆ. ಬೆನ್ನ ಮೇಲೆ ಕಾಫಿ ಹಣ್ಣು ಉದುರುತ್ತಿದ್ದವು, ಒಂದೊಂದಾಗಿ. ಟಣ್ ಎಂಬ ಸದ್ದು ದೂರ ಹೋಯಿತು. ಇನ್ನೂ ಸ್ವಲ್ಪ ದೂರ. ಆಮೇಲೆ ಮರ ಮುರಿದ ಹಾಗೆ ಒಂದು ಸದ್ದು, ಒಂದು ಘೀಳು. ಆಮೇಲೆ ಟಣ್ ಇಲ್ಲ.

ಎಷ್ಟೋ ರಾತ್ರಿ ಆ ಗುಂಡಿಯಿಂದ ನಾನು ಎದ್ದಿದ್ದೇನೆ. ಎದ್ದು ಕೂಗಿದ್ದೇನೆ, ಮೇಲೆ ಓಡಿದ್ದೇನೆ, ಫೋನು ತೆಗೆದು ಹೆಸರು ನೋಡಿದ್ದೇನೆ. ಹಾಸಿಗೆಯಲ್ಲಿ ಕಣ್ಣು ಬಿಟ್ಟಾಗ ಮತ್ತೆ ಗುಂಡಿಯಲ್ಲೇ ಇರುತ್ತಿದ್ದೆ.

ಅವರನ್ನು ನೋಡಿದ್ದರ ಬಗ್ಗೆ ಬರೆಯುವುದಿಲ್ಲ. ಕತ್ತಿ ಮಾತ್ರ ಅವರಿಂದ ಹತ್ತು ಮಾರು ದೂರದಲ್ಲಿ, ಯಾರೋ ಒರಗಿಸಿಟ್ಟ ಹಾಗೆ ಒಂದು ಗಿಡದ ಬುಡಕ್ಕೆ ನಿಂತಿತ್ತು.

ಅವರ ತಂಗಿ, ನಮ್ಮ ಅಭ್ಯರ್ಥಿ, ಶಾಲೆಯ ಕಡೆಯಿಂದ ಬರಿಗಾಲಲ್ಲಿ ಓಡಿ ಬಂದರು. ಅರಣ್ಯದವರು, ಪೊಲೀಸರು, ಪೇಟೆಯ ಜನ, ಎಲ್ಲ ಸೇರಿದರು. ಇಂಥ ಸಾವಿನ ಹತ್ತಿರ ಜನರ ಸಿಟ್ಟು ಯಾವ ಕಡೆ ಹರಿಯಬೇಕೆಂದು ಮೊದಲೇ ಗೊತ್ತಿರುತ್ತದೆ. “ಆನೆ ಇದೆ ಅಂತ ಯಾಕೆ ತಿಳಿಸ್ಲಿಲ್ಲ? ಎಲ್ಲಿ ನಿಮ್ಮ ಮೆಸೇಜು?” ಎಂದು ಗುಂಪು ಕೂಗಿತು. ಅರಣ್ಯದ ಅಧಿಕಾರಿ ನನ್ನ ಕಡೆ ತಿರುಗಿ ಕೇಳಿದರು: “ನೀವು ಜೊತೆಗಿದ್ರಲ್ಲ ಮೇಡಂ. ನಿಮಗೆ ಬಂದಿರ್ಲಿಲ್ವಾ?”

ನಾನು ಬಾಯಿ ತೆರೆಯಲಿಲ್ಲ. “ಯಾರಿಗೂ ಬಂದಿಲ್ಲ ಸಾರ್!” ಎಂದು ಹಿಂದಿನಿಂದ ಯಾರೋ ಕೂಗಿದರು. ಅಧಿಕಾರಿಯ ಪಕ್ಕದಲ್ಲೇ ವಾಚರು ನಿಂತಿದ್ದರು, ಮೊಣಕಾಲವರೆಗೆ ಒದ್ದೆ. ಬೆಳಗಿನ ಜಾವದಿಂದ ಆ ಆನೆಯ ಹಿಂದೆಯೇ ನಡೆದಿದ್ದರಂತೆ. ನನ್ನನ್ನು ನೋಡಿದರು.

ಲೈನಿನವರು ಮನೆ ಸೇರಿ ಬಾಗಿಲು ಹಾಕಿಕೊಂಡರು. ಒಬ್ಬರೂ ಓಟಿಗೆ ಹೋಗಲಿಲ್ಲ. ತಂಗಿ ಶವದ ಜೊತೆ ಮೂಡಿಗೆರೆ ಆಸ್ಪತ್ರೆಗೆ ಹೋದರು. ತಮಗೇ ತಾವು ಓಟು ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಶವ ಬಂತು. ಅದೇ ಪಿಕಪ್ ವ್ಯಾನು, ಅದೇ ಗೇಟು. ಈ ಸಲ ಮ್ಯಾನೇಜರೇ ಮುಂದೆ ಬಂದರು. ಅವರ ಕಣ್ಣೂ ಕೆಂಪಾಗಿತ್ತು, ನಟನೆ ಎಂದು ನಾನು ಹೇಳಲಾರೆ.

“ಸಾವ್ಕಾರ್ರು ಹೇಳಿ ಕಳಿಸಿದಾರಮ್ಮ. ಈ ಸಲಕ್ಕೆ ಆ ಹಳೇ ಮೂಲೇಲೇ ಮಾಡ್ಕೊಳ್ಳಿ ಅಂತ.”

ತಂಗಿ ವ್ಯಾನಿನ ಹಿಂಬಾಗಿಲು ಹಿಡಿದು ನಿಂತಿದ್ದರು. ತಲೆ ಎತ್ತದೆ ಹೇಳಿದರು: “ಈ ಸಲಕ್ಕೆ ಬೇಡ ಸಾರ್.”

“ಹಾಗಂದ್ರೆ?”

“ಎಲ್ಲಾ ಸಲಕ್ಕೂ ಕೊಡಿ. ಇಲ್ಲಾಂದ್ರೆ ಬೇಡ.”

ಡ್ರೈವರಿಗೆ ಪಂಚಾಯಿತಿ ಆಫೀಸಿಗೆ ಬಿಡಲು ಹೇಳಿದರು. ಲೈನಿನವರೆಲ್ಲ ಹಿಂದೆ ನಡೆದರು. ಆಫೀಸಿನ ಮುಂದೆ ಶವ ಇಳಿಸಿ ಸುತ್ತಲೂ ಕೂತರು. ಘೋಷಣೆ ಇಲ್ಲ, ಮೈಕು ಇಲ್ಲ. ಯಾರೋ ಒಬ್ಬ ಹೆಂಗಸು ಮಾತ್ರ ಆಗಾಗ ಶವದ ಮೇಲಿನ ಬಿಳಿ ಬಟ್ಟೆ ಸರಿಮಾಡುತ್ತಿದ್ದರು. ಪೇಟೆಯವರು ಅಂಗಡಿ ಅರ್ಧ ಹಾಕಿ ನೋಡುತ್ತ ನಿಂತರು. ನಾಲ್ಕು ಗಂಟೆಗೆ ತಹಶೀಲ್ದಾರರು ಬಂದರು. ಅವರಿಗೆ ನಾನು ಹಳೆಯ ಮೂರು ಅರ್ಜಿಗಳ ಪ್ರತಿ ಕೊಟ್ಟೆ. ಅಂಗಡಿಯ ಕಂಪ್ಯೂಟರಿನಲ್ಲಿದ್ದವು. ಅವರು ಓದಿದರು. ಮೂರನ್ನೂ ಕೊನೆಯವರೆಗೆ ಓದಿದ ಮೊದಲ ಅಧಿಕಾರಿ ಅವರು. ಆಮೇಲೆ ಗ್ರಾಮ ಲೆಕ್ಕಿಗರ ಜೊತೆ ನಕ್ಷೆ ಹರಡಿಕೊಂಡು ನೋಡಿ, ರಸ್ತೆಯ ಮೇಲುಗಡೆ ಲಂಟಾನ ಪೊದೆ ಬೆಳೆದ ಅರ್ಧ ಎಕರೆ ಸರ್ಕಾರಿ ಜಾಗ ತೋರಿಸಿದರು. ಕಾಗದ ಆಮೇಲೆ ಮಾಡೋಣ, ಇವತ್ತು ಇಲ್ಲಿ ಮುಗಿಸಿ ಎಂದರು.

ಲಂಟಾನ ಸವರಲು ಲೈನಿನ ಗಂಡಸರು ಕತ್ತಿ ತಂದಿದ್ದರು. ಅಣ್ಣನ ಕತ್ತಿಯೂ ಅವುಗಳಲ್ಲಿತ್ತು. ಪೊಲೀಸರು ವಾಪಸು ಕೊಟ್ಟಿದ್ದರು. ಅದರಿಂದ ತಂಗಿಯೇ ಸವರಿದರು. ಬೆಳಕು ಆರುವ ಮೊದಲು ಮಣ್ಣು ಹಾಕಿಯಾಯಿತು. ಆ ಮನುಷ್ಯ ಬದುಕಿದ್ದಾಗ ಓಟಿನಿಂದ ಪಡೆಯಲು ಹೊರಟದ್ದನ್ನು ಸತ್ತು ಪಡೆದರು ಎಂದು ಯಾರೋ ನನ್ನ ಪಕ್ಕದಲ್ಲಿ ಹೇಳಿದರು. ನನಗೆ ಅವರ ಬಾಯಿ ಮುಚ್ಚಬೇಕು ಅನ್ನಿಸಿತು.

ಎಣಿಕೆಗೆ ನಾನೊಬ್ಬಳೇ ಹೋದೆ. ಒಂಬತ್ತು ಓಟಿನಲ್ಲಿ ಸೋತೆವು. ಗೆದ್ದವರು, ಆ ಮೇಸ್ತ್ರಿಯ ಹೆಂಡತಿ, ಕೊರಳಲ್ಲಿ ಹಾರ ಹಾಕಿಕೊಂಡೇ ನನ್ನ ಹತ್ತಿರ ಬಂದು ಕೈ ಹಿಡಿದರು. “ನನ್ನ ಮೇಲೆ ಎಂತದೂ ತಪ್ಪು ತಿಳ್ಕೋಬೇಡಿ ಅಕ್ಕ. ನಿಲ್ಲು ಅಂದ್ರು, ನಿಂತೆ,” ಎಂದರು. ಅವರ ಕೈ ತಣ್ಣಗಿತ್ತು.

ತಿಂಗಳಾದ ಮೇಲೆ ವಾಚರು ನನ್ನ ಅಂಗಡಿಗೆ ಬಂದರು. ಒಂದು ಹಾಳೆ ಮುಂದಿಟ್ಟರು. ಸಾವಿನ ದಿನ ಮುನ್ಸೂಚನೆ ಕೊಟ್ಟಿರಲಿಲ್ಲವೆಂದು ಜನ ದೂರು ಕೊಟ್ಟಿದ್ದರು, ಮೇಲಿನವರು ಕಾರಣ ಕೇಳಿದ್ದರು.

“ಉತ್ತರ ಟೈಪ್ ಮಾಡಿಕೊಡ್ಬೇಕಿತ್ತು ಮೇಡಂ. ನನಗೆ ಕನ್ನಡ ಬರುತ್ತೆ, ಆಫೀಸ್ ಕನ್ನಡ ಬರಲ್ಲ.”

ನಾನು ಟೈಪ್ ಮಾಡಿದೆ. ‘ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ದಿನ ಬೆಳಗ್ಗೆ 7.42ಕ್ಕೆ ಸಂದೇಶ ರವಾನಿಸಿರುತ್ತೇನೆ.’ ಅವರು ಹೇಳುತ್ತಿದ್ದರು, ನಾನು ಕೀಲಿ ಒತ್ತುತ್ತಿದ್ದೆ. ಪ್ರಿಂಟು ತೆಗೆದು ಅವರ ಸಹಿ ಹಾಕಿಸಿಕೊಂಡೆ. ಆಮೇಲೆ ಅದರ ಕೆಳಗೆ ನನ್ನ ಕೈಯಲ್ಲಿ ಬರೆದೆ: ‘ಈ ಸಂದೇಶ ನನಗೆ ತಲುಪಿತ್ತು. ಇದು ಸುಳ್ಳೆಂದು ಹೇಳಿ ಜನರನ್ನು ಒಳದಾರಿಯಲ್ಲಿ ಕರೆದೊಯ್ದವಳು ನಾನು.’ ಸಹಿ ಹಾಕಿ, ನನ್ನ ಫೋನಿನ ಆ ಪುಟದ ಪ್ರತಿಯನ್ನೂ ಲಗತ್ತಿಸಿದೆ.

ವಾಚರು ಅದನ್ನು ಎರಡು ಸಲ ಓದಿದರು. “ಇಷ್ಟು ಬೇಕಾಗಿರ್ಲಿಲ್ಲ,” ಎಂದರು. ಹಾಳೆ ಮಡಚುತ್ತ, “ಅವತ್ತು ನಾನು ಫೋನ್ ಮಾಡ್ಬೇಕಿತ್ತು. ನಿಮ್ಮ ನಂಬರ್ ಇತ್ತು ನನ್ನತ್ರ. ಮೆಸೇಜ್ ಸಾಕು ಅಂದ್ಕೊಂಡೆ,” ಎಂದರು. ಅವರ ಕೆಲಸ ಉಳಿಯಿತು. ಅವತ್ತು ನಿದ್ದೆ ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ.

ಬರೆದುಕೊಟ್ಟದ್ದನ್ನು ತಂಗಿಗೂ ಹೇಳಲೇಬೇಕಿತ್ತು. ಸ್ಮಶಾನದ ಅರ್ಜಿಯ ವಿಷಯಕ್ಕೆ ಅವರು ಬಂದಾಗ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಎಲ್ಲ ಹೇಳಿದೆ. ಲದ್ದಿ ಬಿಸಿಯಿದೆ ಎಂದು ಅವರಣ್ಣ ಹೇಳಿದ್ದನ್ನೂ ಹೇಳಿದೆ. ಅದು ಅವರಿಗೆ ಗೊತ್ತಿತ್ತು. ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ರಸ್ತೆಯ ಕಡೆ ತಿರುಗಿದರು. ಹೊರನಾಡಿನ ಬಸ್ಸು ಬಂದು, ನಿಂತು, ಹೋಯಿತು.

“ನಾನು ಅಲ್ಲಿದ್ರೂ ಸುಳ್ಳು ಅಂತಲೇ ಅಂತಿದ್ದೆ,” ಎಂದರು. “ಆದ್ರೆ ಅಂದಿದ್ದು ನೀವು.”

“ಹೌದು.”

“ಸಿಟ್ಟಿಲ್ಲ ಅಂತ ಹೇಳಾಕಾಗಲ್ಲ ಅಕ್ಕ. ಐತೆ.” ಸೆರಗಿನಿಂದ ಕೌಂಟರಿನ ಗಾಜು ಒರೆಸಿದರು, ಅಲ್ಲಿ ಏನೂ ಇರಲಿಲ್ಲ. “ಅರ್ಜಿ ಬರೀರಿ.”

ಬರೆದೆ. ಕಾಗದ ಆಮೇಲೆ ಮಾಡೋಣ ಎಂದ ತಹಶೀಲ್ದಾರರು ವರ್ಗವಾಗಿ ಹೋಗಿದ್ದರು. ಬಾಯಿಮಾತಿನಲ್ಲಿ ಕೊಟ್ಟ ಜಾಗಕ್ಕೆ ಬೇಲಿ ಹಾಕಿಸಿಕೊಳ್ಳಲು ಪಕ್ಕದ ತೋಟದವರು ಆಗಲೇ ಕಲ್ಲು ತಂದು ಸುರಿದಿದ್ದರು. ತಾಲ್ಲೂಕು ಆಫೀಸಿಗೆ ನಾವಿಬ್ಬರೂ ಹೋದ ದಿನಗಳನ್ನು ಎಣಿಸಿಲ್ಲ. ಬಸ್ಸಿನಲ್ಲಿ ಪಕ್ಕಪಕ್ಕ ಕೂರುತ್ತಿದ್ದೆವು, ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಸಲ ಗ್ರಾಮಸಭೆಯಲ್ಲಿ ಅರ್ಜಿ ಓದಲು ಯಾರೂ ಏಳದಿದ್ದಾಗ ಗೆದ್ದಿದ್ದ ಮೇಸ್ತ್ರಿಯ ಹೆಂಡತಿಯೇ ಎದ್ದು, ತಡವರಿಸುತ್ತ, ಬೆರಳಿಟ್ಟು ಓದಿದರು. ಜಗಲಿಯವರು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಆಕೆಗೆ ಏನಂದರೋ ನನಗೆ ತಿಳಿಯದು. ಸರ್ವೆಯವರು ಬಂದರು, ಕಲ್ಲು ನೆಟ್ಟರು. ಅದರ ಮೇಲೆ ಒಂದು ಮಳೆಗಾಲ ಕಳೆಯಿತು.

ಮುಂದಿನ ಕುಯ್ಲಿನ ಹೊತ್ತಿಗೆ, ಒಂದು ಮಂಗಳವಾರ ತಂಗಿ ಅಂಗಡಿಗೆ ಬಂದಿದ್ದರು. ಈಗ ಬೇರೆ ಎಸ್ಟೇಟಿನಲ್ಲಿ ಕೆಲಸ, ಕೈಯೆಲ್ಲ ಹಣ್ಣಿನ ಕರೆ. ಆ ಜಾಗದ ಪಹಣಿ ತೆಗೆಯಲು ಹೇಳಿದರು. ಎಷ್ಟೋ ಸಲ ತೆಗೆದಿದ್ದೆವು, ಪ್ರತಿ ಸಲ ‘ಸರ್ಕಾರ’ ಎಂದು ಮಾತ್ರ ಇರುತ್ತಿತ್ತು. ಪ್ರಿಂಟರು ಹಾಳೆಯನ್ನು ನಿಧಾನವಾಗಿ ತಳ್ಳಿತು. ಹಕ್ಕುದಾರರ ಹೆಸರಿನ ಜಾಗದಲ್ಲಿ ಎರಡು ಪದ ಇತ್ತು. ಸಾರ್ವಜನಿಕ ಸ್ಮಶಾನ.

ಅವರಿಗೆ ಓದಲು ಬರುವುದಿಲ್ಲ. ನಾನು ತೋರಿಸಿದ ಕಡೆ ಬೆರಳಿಟ್ಟು, “ಇದಾ?” ಎಂದು ಕೇಳಿದರು.

“ಅದೇ.”

“ಇನ್ನೊಂದು ತೆಗೀರಿ. ಅಣ್ಣನ ಹತ್ರ ಓದಿ ಹೇಳಾಕೆ.”

ಸಂಜೆ ಅಂಗಡಿ ಬೇಗ ಹಾಕಿ ಅವರ ಜೊತೆ ಹೋದೆ. ಮಣ್ಣು ಸಮವಾಗಿತ್ತು. ಗುರುತಿಗೆಂದು ನೆಟ್ಟಿದ್ದ ಹಾಲುವಾಣ ಮರದ ಗೂಟ ಚಿಗುರಿತ್ತಂತೆ, ಯಾರದೋ ಹಸು ತಿಂದು ಹಾಕಿತ್ತು. ಗೂಟವಷ್ಟೇ ನಿಂತಿತ್ತು. ಪಹಣಿಯನ್ನು ನಾನು ಮೇಲಿನಿಂದ ಕೆಳಗಿನವರೆಗೆ ಓದಿದೆ, ಸರ್ವೆ ನಂಬರು, ವಿಸ್ತೀರ್ಣ, ಎಲ್ಲ. ಅವರು ಕೈಕಟ್ಟಿ ನಿಂತು ಕೇಳಿದರು. ಓದಿ ಮುಗಿಸಿ ಹಾಳೆ ಮಡಚಿದೆ. ಅಣ್ಣನಿಗೆ ನಾನು ಹೇಳಬೇಕಾದದ್ದು ಆ ಹಾಳೆಯಲ್ಲಿ ಇರಲಿಲ್ಲ.

“ಕತ್ಲಾಗ್ತಾ ಐತೆ,” ಎಂದರು ಅವರು. “ಫೋನ್ ನೋಡಿ ಅಕ್ಕ. ಆನೆ ಎಲ್ಲೈತೆ ಅಂತ.”

ನೋಡಿದೆ. ಕಳಿಸಿದವರ ಹೆಸರನ್ನೂ ನೋಡಿದೆ. ಆನೆ ದೂರದಲ್ಲಿ, ಜಾವಳಿ ಊರಿನ ಆಚೆ ಇತ್ತು. ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ, ನಂಬಿ ನಡೆದರು.

ಮನೆಗೆ ಬಂದು ಊಟ ಮಾಡಿ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಮೇಲಿತ್ತು. ಅಪ್ಪ ಅಂಗಳದಲ್ಲಿ ಹಣ್ಣು ಹರಡುತ್ತಿದ್ದ ಸದ್ದು ಕೇಳುತ್ತಿತ್ತು. ಎಷ್ಟು ಹೊತ್ತಾಗಿದೆ ಎಂದು ಫೋನು ನೋಡಲು ಕೈ ಚಾಚಿ, ನೋಡದೆ, ಹಾಗೇ ಮಲಗಿದೆ.